ಸೆರಗಿನ ಗಂಟಿನಲ್ಲಿ ಬಂದ ಅಮ್ಮ

ಫೋನು ಬಂದಾಗ ನಾನು ಅಡುಗೆಮನೆಯ ನೆಲದ ಮೇಲೆ ಕುಳಿತು ಸೊಪ್ಪು ಬಿಡಿಸುತ್ತಿದ್ದೆ. ಹರಿವೆ ತನ್ನಿ ಎಂದು ಕಳಿಸಿದರೆ ನಮ್ಮ ಯಜಮಾನರು ಕಾಂಗ್‌ಕುಂಗ್ ತಂದಿದ್ದರು. ಕೊಳವೆಯಂಥ ದಂಟಿನ, ನೀರಿನಲ್ಲಿ ಬೆಳೆಯುವ ಇಲ್ಲಿನ ಸೊಪ್ಪು ಅದು. ಲಾಕ್‌ಡೌನಿನ ಆ ಮೊದಲ ವಾರಗಳಲ್ಲಿ ಮಲೇಷ್ಯಾದಲ್ಲಿ ಮನೆಗೊಬ್ಬರೇ, ಅದೂ ಮನೆಯ ಯಜಮಾನರೇ, ಸಾಮಾನು ತರಲು ಹೊರಗೆ ಹೋಗಬೇಕೆಂಬ ನಿಯಮ ಬಂದಿತ್ತು. ನಾವಿರುವ ಸುಬಾಂಗ್ ಜಯಾದ ಅಂಗಡಿಗಳಲ್ಲಿ ಗಂಡಸರು ತರಕಾರಿಯ ಮುಂದೆ ನಿಂತು ಹೆಂಡತಿಯರಿಗೆ ವಿಡಿಯೊ ತೋರಿಸುತ್ತಿದ್ದರಂತೆ. ತಂದದ್ದು ಸೊಪ್ಪಾದರೂ ಆಗಿತ್ತಲ್ಲ, ಅಷ್ಟಾದರೂ ದೇವರ ದಯೆ ಎಂದುಕೊಂಡೆ.

ಫೋನು ಮಾಡಿದವರು ಕೆಳಗಿನ ಮಹಡಿಯ ತಮಿಳು ಅಕ್ಕ. ಅವರು ತಮಿಳಿನಲ್ಲಿ ಮಾತಾಡುತ್ತಾರೆ, ನಾನು ಕನ್ನಡದಲ್ಲಿ. ಹೀಗೇ ವರ್ಷಗಟ್ಟಲೆ ಹರಟಿದ್ದೇವೆ, ಜಗಳವನ್ನೂ ಆಡಿದ್ದೇವೆ. ಅವತ್ತು ಅವರ ದನಿಯೇ ಬೇರೆಯಾಗಿತ್ತು.

"ಅಮ್ಮನ್ನ ಎತ್ತಿಬಿಡ್ತಾರಂತೆ ಕಣಮ್ಮಾ."

ನಮ್ಮ ಕಟ್ಟಡದ ಹಿಂದಿನ ಮೋರಿ ದಾಟಿದರೆ, ಅಂಗಡಿಗೆ ಹೋಗುವ ದಾರಿಯಲ್ಲಿ ಒಂದು ಅರಳಿಮರವಿದೆ. ಅದರ ಬುಡದಲ್ಲಿ ಅರಿಸಿನ ಬಳಿದ ಒಂದು ಕಲ್ಲು, ಮೇಲೆ ತಗಡಿನ ಮಾಡು. ಅದೇ ಮಾರಿಯಮ್ಮ. ಪೂಜೆ ಅಕ್ಕನ ಮನೆತನದ್ದು. ನಡೆಸುತ್ತಿದ್ದವರು ಅವರ ಸೋದರಮಾವ. ಮಾವ ಇರುವುದು ಬೇರೆ ಊರಿನಲ್ಲಿ, ದಾರಿಯುದ್ದಕ್ಕೂ ಪೊಲೀಸ್ ತಡೆ. ಅಕ್ಕನಿಗೆ ಉಬ್ಬಸ, ಮಕ್ಕಳು ಬಾಗಿಲು ದಾಟಲು ಬಿಡುತ್ತಿರಲಿಲ್ಲ. ಅಮ್ಮನ ಮುಂದೆ ದೀಪವಿಲ್ಲದೆ ಎಷ್ಟೋ ದಿನಗಳಾಗಿದ್ದವು. ಕತ್ತಲಲ್ಲಿ ಕೂರಿಸುವುದಕ್ಕಿಂತ ತಮ್ಮೂರಿನ ದೊಡ್ಡ ಗುಡಿಗೆ ಒಯ್ಯುವುದೇ ಮೇಲು ಎಂದು ಮಾವ ತೀರ್ಮಾನಿಸಿದ್ದರು. ಪರವಾನಗಿಯೂ ಸಿಕ್ಕಿತ್ತು, ಶನಿವಾರ ವ್ಯಾನು ಬರುವುದಿತ್ತು.

"ಒಂದ್ಸಲ ಎದ್ರೆ ಮುಗೀತು. ಜಾಗದ ಒಡೆಯರು ಬೇಲಿ ಹಾಕ್ಬಿಡ್ತಾರೆ. ದೀಪ ಉರೀತಿದ್ರೆ ಅಮ್ಮನ್ನ ಯಾರೂ ಮುಟ್ಟಂಗಿಲ್ಲ, ಅದು ನಮ್ಮ ಮನೆತನದ ಕಟ್ಟುಪಾಡು. ಆದ್ರೆ ದೀಪ ಎಲ್ಲಿದೆ?"

ಅಕ್ಕ ನನ್ನನ್ನು ಏನೂ ಕೇಳಲಿಲ್ಲ. ಅತ್ತರು, ಅಷ್ಟೆ. ನಾನೇ ಹೇಳಿದೆ: "ಶುಕ್ರವಾರ ನಾನು ಹಚ್ತೀನಿ. ಮಾವಂಗೆ ಹೇಳಿ."

ಆ ಅಮ್ಮ ಬಂದ ಕತೆಯನ್ನು ಅಕ್ಕ ನನಗೆ ಎಷ್ಟೋ ಸಲ ಹೇಳಿದ್ದರು. ಈ ಕಟ್ಟಡಗಳೆಲ್ಲ ಒಂದು ಕಾಲಕ್ಕೆ ರಬ್ಬರ್ ತೋಟ. ರಬ್ಬರ್ ಮರದ ಹಾಲು ಇಳಿಸಲು ಹಡಗಿನಲ್ಲಿ ಬಂದ ಕೂಲಿಯವರಲ್ಲಿ ಅಕ್ಕನ ಮುತ್ತಜ್ಜಿಯೂ ಒಬ್ಬಳು. ಊರ ಮಾರಿಯಮ್ಮನ ಗುಡಿಯ ಮುಂದಿನ ಒಂದು ಹಿಡಿ ಮಣ್ಣನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡೇ ಹಡಗು ಹತ್ತಿದ್ದಳಂತೆ. ಕೂಲಿ ಸಾಲುಮನೆಗಳಲ್ಲಿ ಸಿಡುಬು ಎದ್ದಾಗ ಆ ಗಂಟು ಬಿಚ್ಚಿ ಮರದ ಬುಡಕ್ಕೆ ಸುರಿದು, ಹೊಳೆಯ ಕಲ್ಲೊಂದನ್ನು ನಿಲ್ಲಿಸಿ, "ಇನ್ನು ನೀನುಂಟು, ನಾವುಂಟು" ಎಂದಳಂತೆ. ರೋಗದ ಕಾಲದಲ್ಲಿ ಬಂದು ಕುಳಿತವಳನ್ನು ರೋಗದ ಕಾಲದಲ್ಲೇ ಎಬ್ಬಿಸುವುದು ಯಾವ ನ್ಯಾಯ?

ಗುರುವಾರ ಸಂಜೆ ನಮ್ಮ ಮನೆತನದವರೆಲ್ಲ ವಿಡಿಯೊ ಕರೆಯಲ್ಲಿ ಸೇರಿದ್ದೆವು. ಯಜಮಾನರ ಅಣ್ಣ, ನಮ್ಮ ಭಾವ, ಮೈಸೂರಿನಿಂದ ಶಕ್ತಿಪೀಠಗಳ ಬಗ್ಗೆ ಹೇಳುತ್ತಿದ್ದರು. ದಕ್ಷನ ಯಜ್ಞದಲ್ಲಿ ಅವಮಾನ ತಾಳದೆ ಸತಿ ದೇಹ ಬಿಟ್ಟದ್ದು, ಶಿವ ಅವಳನ್ನು ಹೊತ್ತು ತಿರುಗಿದ್ದು, ವಿಷ್ಣುವಿನ ಚಕ್ರಕ್ಕೆ ತುಂಡಾದ ಅಂಗಗಳು ಬಿದ್ದಲ್ಲೆಲ್ಲ ಪೀಠಗಳಾದದ್ದು. ಬಲೂಚಿಸ್ತಾನದ ಗುಹೆಯಲ್ಲಿ ತಲೆ, ಬಾಂಗ್ಲಾದಲ್ಲಿ ಮೂಗು, ಲಂಕೆಯ ದ್ವೀಪದಲ್ಲಿ ಕಾಲ್ಗೆಜ್ಜೆ. ಭಾವ ಚೆನ್ನಾಗಿ ಹೇಳುತ್ತಾರೆ. ಕೈಮುಗಿದು ಕೇಳಿದೆ. ಕೊನೆಗೆ ಶುಕ್ರವಾರದ ವಿಷಯ ತೆಗೆದೆ.

"ನಿಮ್ಮಲ್ಲಿ ಏನು ಬಿದ್ದಿದೆಯಮ್ಮ? ಪುರಾಣದಲ್ಲಿ ಆ ಕಡೆ ಒಂದು ಉಗುರೂ ಬಿದ್ದಿಲ್ಲ. ಕೂಲಿಯೋರು ಇಟ್ಟ ಕಲ್ಲಿಗೋಸ್ಕರ ಈ ಕಾಯಿಲೆ ಕಾಲದಲ್ಲಿ ಬೀದಿಗಿಳೀತೀಯಾ?"

ಮದುವೆಯಾದಾಗಿನಿಂದ ಭಾವನಿಗೆ ಎದುರು ಮಾತಾಡಿದವಳಲ್ಲ ನಾನು. ಅವತ್ತು ಬಾಯಿ ತಾನಾಗಿ ತೆರೆಯಿತು.

"ಅಲ್ಲೆಲ್ಲ ಆಕಾಶದಿಂದ ಬಿದ್ಲು ಭಾವ, ನಿಜ. ಇಲ್ಲಿಗೆ ಬಡವರ ಸೆರಗು ಹಿಡ್ಕೊಂಡು, ಹಡಗು ಹತ್ತಿ ತಾನೇ ಬಂದ್ಲು. ಬಿದ್ದ ಕಡೆ ಕೈಮುಗೀತೀನಿ. ಬಂದ ಕಡೆ ದೀಪ ಹಚ್ತೀನಿ."

ಭಾವ ಕನ್ನಡಕ ತೆಗೆದು ಒರೆಸಿಕೊಂಡರು. ಯಜಮಾನರು ಮೆಲ್ಲಗೆ ಫೋನಿನ ದನಿ ತಗ್ಗಿಸಿದರು.

"ನಾಳೆ ನೀನು ಹೆಂಗೆ ಹೋಗ್ತೀಯಾ? ಯಜಮಾನ ನಾನಲ್ವಾ?" ಎಂದರು ಆಮೇಲೆ.

"ಅಕ್ಕಿಹಿಟ್ಟಿನ ಡಬ್ಬ ಎಲ್ಲಿದೆ ಹೇಳಿ. ಸರಿಯಾಗಿ ಹೇಳಿದ್ರೆ ಯಜಮಾನಿಕೆ ನಿಮಗೇ ಬಿಡ್ತೀನಿ."

ಅವರು ಎದ್ದು ಒಂದು ಕಪಾಟು ತೆರೆದರು. ಅದರಲ್ಲಿ ಪಾತ್ರೆ ತೊಳೆಯುವ ಸೋಪಿತ್ತು.

ನಮ್ಮ ಕಡೆ ಮಾರಮ್ಮನಿಗೆ ತಂಬಿಟ್ಟಿನ ಆರತಿ. ನೆನೆಸಿದ ಅಕ್ಕಿಯ ಹಿಟ್ಟಿಗೆ ಬೆಲ್ಲ ಕಲಸಿ, ಉಂಡೆ ಕಟ್ಟಿ, ನಡುವೆ ಕುಳಿ ಮಾಡಿ, ತುಪ್ಪ ಹಾಕಿ ಬತ್ತಿ ಹಚ್ಚುವುದು. ತಮಿಳರೂ ಅದನ್ನೇ ಮಾಡಿ ಮಾವಿಳಕ್ಕು ಅನ್ನುತ್ತಾರೆ. ಮನೆಯಲ್ಲಿ ಬೆಲ್ಲ ಮುಗಿದಿತ್ತು. ಇದ್ದದ್ದು ಗುಲಾ ಮೆಲಾಕಾ, ತೆಂಗಿನ ಹೊಂಬಾಳೆಯ ರಸದಿಂದ ಮಾಡುವ ಇಲ್ಲಿನ ಕಪ್ಪು ಬೆಲ್ಲ. ನನ್ನ ಅಮ್ಮ ಕಂಡಿದ್ದರೆ ಕಬ್ಬಿನ ಬೆಲ್ಲವಲ್ಲದ್ದು ಆರತಿಗೆ ಕೂಡದು ಎನ್ನುತ್ತಿದ್ದಳು. ಈ ಮಣ್ಣಿನಲ್ಲಿ ಇಷ್ಟು ಕಾಲ ಕುಳಿತವಳು ಈ ಮಣ್ಣಿನ ಬೆಲ್ಲ ಒಲ್ಲೆ ಎಂದಾಳೆಯೇ? ಅದನ್ನೇ ಹಾಕಿ ಕಲಸಿದೆ. ಉಂಡೆಗಳು ನೇರಳೆಹಣ್ಣಿನಷ್ಟು ಕಪ್ಪಾದವು.

ಶುಕ್ರವಾರ ಮಾಸ್ಕ್ ಕಟ್ಟಿ, ಚೀಲದೊಳಗೆ ಡಬ್ಬ ಇಟ್ಟುಕೊಂಡು ಹೊರಟೆ. ಮೋರಿಯ ಸೇತುವೆಯ ಬಳಿ ಪೊಲೀಸಿನವರೊಬ್ಬರು ತಡೆದರು. ನನ್ನದು ಮುರುಕು ಮಲಯ್.

"ಮನೆಯ ಯಜಮಾನರು ಯಾರು?"

"ನಾನೇ."

"ಗಂಡ ಇಲ್ವಾ?"

"ಇದ್ದಾರೆ. ಕಾಂಗ್‌ಕುಂಗ್ ತರ್ತಾರೆ."

ಮಾಸ್ಕಿನ ಹಿಂದೆ ಅವರು ನಕ್ಕದ್ದು ಕಣ್ಣಿನಲ್ಲಿ ಕಾಣಿಸಿತು. ಡಬ್ಬ ತೆರೆಸಿ, ಮಲಯ್ ಸಿಹಿತಿಂಡಿಯೇನೋ ಅಂದುಕೊಂಡು, "ಇದೇನು, ಕುಯಿಹ್?" ಎಂದರು. ಸುಳ್ಳು ಹೇಳಬಹುದಿತ್ತು. ಅಮ್ಮನ ಆರತಿ ಹಿಡಿದು ಸುಳ್ಳು ಹೇಳುವುದೆಂತು?

"ದೀಪ. ಆ ಮರದ ಕೆಳಗಿನ ಅಮ್ಮನಿಗೆ. ಅಲ್ಲಿಂದ ಅಂಗಡಿಗೆ ಹೋಗ್ತೀನಿ."

ಅವರು ಮರದ ಕಡೆ ನೋಡಿದರು. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. "ಒಬ್ಬರೇ ತಾನೆ? ಬೇಗ ಮುಗಿಸಿ, ಆಂಟಿ."

ಒಣಗಿದ ಎಲೆ ಗುಡಿಸಿದೆ. ಕಲ್ಲಿಗೆ ನೀರು ಹಾಕಿ ಅರಿಸಿನ ಹಚ್ಚಿದೆ. ಗಾಳಿಗೆ ಬತ್ತಿ ಎರಡು ಸಲ ಆರಿ ಮೂರನೆಯ ಸಲ ನಿಂತಿತು. ಆಮೇಲೆ ಅಕ್ಕನಿಗೆ ವಿಡಿಯೊ ಕರೆ ಮಾಡಿದೆ. ಅಕ್ಕ ಮಾವನನ್ನೂ ಸೇರಿಸಿದರು. ಬಿಳಿ ಹುಬ್ಬಿನ ಮುದುಕರು, ಫೋನನ್ನು ಮೂಗಿಗೇ ಒತ್ತಿ ಹಿಡಿದಿದ್ದರು.

"ಮಾವಿಳಕ್ಕು ಯಾಕಮ್ಮಾ ಇಷ್ಟು ಕಪ್ಪು? ಸೀದುಹೋಯ್ತಾ?"

"ಗುಲಾ ಮೆಲಾಕಾ, ಮಾವ."

"ಅಮ್ಮ ಬೈದ್ಲಾ?"

"ಇನ್ನೂ ಇಲ್ಲ."

ಮುದುಕರು ಬೊಚ್ಚುಬಾಯಿ ತೆರೆದು ನಕ್ಕರು. ಆಮೇಲೆ ದೀಪವನ್ನೇ ನೋಡಿದರು. "ಉರೀತಿದೆ. ಇನ್ನು ನಾನು ಹೆಂಗೆ ಎತ್ಲಿ? ಆದ್ರೆ ನಾಳೆ?"

"ನಾಳೆ ಸೊಪ್ಪು ಬೇಕಲ್ಲ ಮಾವ. ನಾಡಿದ್ದೂ ಬೇಕು. ಅಂಗಡಿಗೆ ಇದೇ ದಾರಿ."

ಶನಿವಾರ ವ್ಯಾನು ಬರಲಿಲ್ಲ. ದಾರಿಯ ತಡೆಗಳು ತೆರೆದು ಮಾವ ಬರುವ ತನಕ ದೀಪ ನನ್ನ ಪಾಲಿಗಿತ್ತು. ಅಮ್ಮ ಇವತ್ತಿಗೂ ಅದೇ ಮರದ ಕೆಳಗಿದ್ದಾಳೆ. ಭಾವ ಇನ್ನೂ ಒಪ್ಪಿಲ್ಲ; ಅವರು ಒಪ್ಪಲೆಂದು ಅವಳು ಹಡಗು ಹತ್ತಿದವಳೂ ಅಲ್ಲ.

ಆ ಶುಕ್ರವಾರ ಅಂಗಡಿಯಲ್ಲಿ ಒಳ್ಳೆಯ ಕೆಂಪು ಹರಿವೆ ಸಿಕ್ಕಿತು. ಅದೂ ಅವಳ ದಯೆಯೇ. ಮನೆಗೆ ಬಂದು, ಸ್ನಾನ ಮಾಡಿ, ಬೇಳೆ ಬೇಯಲಿಟ್ಟೆ.

"ದಿನಾ ಸೊಪ್ಪೇನಾ ಇನ್ಮೇಲೆ?" ಎಂದರು ಯಜಮಾನರು.

"ಹೌದು. ದಂಟು ನೀವು ಹೆಚ್ಚಿ," ಎಂದು ಚಾಕು ಅವರ ಕೈಗಿಟ್ಟು, ನೆಲದ ಮೇಲೆ ಕುಳಿತು ಎಲೆ ಬಿಡಿಸತೊಡಗಿದೆ.