ಕೊಂಬಿನ ಬಣ್ಣ ಬಳಿದ ಕುರ್ಚಿ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಹಡಗಲಿ ಬಸ್ಸಿಗೆ ಇನ್ನೆಷ್ಟು ಹೊತ್ತಿದೆ ಎಂದು ಆಗಷ್ಟೇ ಗಡಿಯಾರ ನೋಡಿದ್ದೆ. ಅದೇ ಕ್ಷಣಕ್ಕೆ ಎರಡು ವರ್ಷದ ಪಲ್ಲವಿ ಕೆಮ್ಮತೊಡಗಿದಳು.

ಅದು 2003ರ ಜೂನ್. ಬಿ.ಎ. ಮುಗಿಸಿ ಕೆಲಸಕ್ಕೆ ಸೇರಿದ್ದ ನಾನು ಆಗ ಹಡಗಲಿ ತಾಲ್ಲೂಕಿನಲ್ಲಿ ಅಂಗನವಾಡಿ ಮೇಲ್ವಿಚಾರಕಿ. ಸಂತೆಯಲ್ಲಿ ಸಿಗುವ ಅಗ್ಗದ ಪುಟ್ಟ ಕುರ್ಚಿಗಳನ್ನು ಉಜ್ಜಿ, ಬಣ್ಣ ಬಳಿದು, ಹೂಬಳ್ಳಿ ಬರೆಯುವುದನ್ನು ತಾಯಂದಿರಿಗೆ ಕಲಿಸುತ್ತಿದ್ದೆ. ಇಲಾಖೆ ಹೇಳಿದ ಕೆಲಸವಲ್ಲ, ನನ್ನದೇ ಹುಚ್ಚು. ಕೂಲಿ ಮಾಡುವವರ ಮಗುವಿಗೂ ಚೆಂದದ ಕುರ್ಚಿಯೊಂದು ಇರಲಿ ಎಂಬ ಹಟ.

ಅಂದು ನಾನಿದ್ದದ್ದು ಇಟ್ಟಿಗಿ ಊರಿನಲ್ಲಿ, ಪಲ್ಲವಿಯ ತಾಯಿ ರೇಣುಕಾಳ ಮನೆಯಲ್ಲಿ. ಅಲ್ಲಿ ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಹಚ್ಚಿದ ಬಣ್ಣ ಡಬ್ಬಿಯ ತಳದಲ್ಲಿ ಉಳಿದಿತ್ತು. ಗಟ್ಟಿಯಾದ ಬಣ್ಣ ತೆಳುವಾಗಲೆಂದು ಅವಳು ರೇಷನ್ನಿನ ನೀಲಿ ಸೀಮೆಎಣ್ಣೆಯನ್ನು ಸ್ಟೀಲ್ ಲೋಟಕ್ಕೆ ಸುರಿದುಕೊಂಡಿದ್ದಳು. ಮಗು ದಿನವೂ ನೀರು ಕುಡಿಯುವ ಲೋಟ. ನಾನು ನೋಡಿದೆ, ಏನೂ ಅನ್ನಲಿಲ್ಲ.

"ಕುರ್ಚಿಗೆ ಬಾಸಿಂಗ ಕಟ್ಟೋದೊಂದು ಬಾಕಿ ಐತಿ ನೋಡ್ರಿ ಮೇಡಂ," ಎಂದು ರೇಣುಕಾಳ ಅತ್ತೆ ಹನುಮಕ್ಕ ಕೆಣಕಿದಳು. ನಾವಿಬ್ಬರೂ ನಕ್ಕು ಅವಳತ್ತ ತಿರುಗಿದೆವು. ಅಷ್ಟರಲ್ಲಿ ಕೆಮ್ಮು. ಲೋಟ ಉರುಳಿತ್ತು, ಮಗುವಿನ ಬಾಯಿಂದ ಸೀಮೆಎಣ್ಣೆ ನಾರುತ್ತಿತ್ತು.

ಹನುಮಕ್ಕ ಒಳಗೆ ಓಡಿ ಉಪ್ಪುನೀರು ಕಲಸಿ ತಂದಳು. "ಲೇ ರೇಣುಕಾ, ಗಂಟಲಾಗ ಬಟ್ಟು ಹಾಕು, ಎಲ್ಲಾ ಕಕ್ಕಲಿ!"

ಸೀಮೆಎಣ್ಣೆ ಹೊಟ್ಟೆಗಿಂತ ಶ್ವಾಸಕೋಶಕ್ಕೆ ಅಪಾಯಕಾರಿ. ವಾಂತಿ ಮಾಡಿಸಿದರೆ ಮೇಲೆ ಬಂದ ಎಣ್ಣೆ ಉಸಿರಿನ ಜೊತೆ ಒಳಗಿಳಿದು ನ್ಯುಮೋನಿಯಾ ಆಗಬಹುದು. ತರಬೇತಿಯಲ್ಲಿ ವೈದ್ಯರೊಬ್ಬರು ಇದನ್ನು ಹೇಳಿದ್ದರು. ಆದರೆ ಆ ಮಾತು ಸೀಮೆಎಣ್ಣೆಗೋ, ಆಸಿಡ್ಡಿಗೋ? ಒಂದು ಕ್ಷಣ ನನಗೇ ಅನುಮಾನ ಬಂತು. ತಪ್ಪಾದರೆ ಮಗುವನ್ನು ಕೊಂದವಳು ನಾನೇ. ಆದರೂ ಮಗುವನ್ನು ಎದೆಗವಚಿಕೊಂಡು ಹನುಮಕ್ಕನಿಗೆ ಬೆನ್ನು ಕೊಟ್ಟು ನಿಂತೆ.

"ಕಕ್ಕಿಸಾಕ ಬಿಡಂಗಿಲ್ಲ. ಗಾಡಿ ತರಸ್ರಿ."

"ನಿನ್ನ ಮಗಳಾಗಿದ್ರ ಹಿಂಗ ನಿಂದರತಿದ್ದೇನು?" ಹನುಮಕ್ಕ ನನ್ನ ಸೆರಗು ಹಿಡಿದು ಎಳೆದಳು.

"ನನ್ನ ಮಗಳಾಗಿದ್ರೂ ಇಷ್ಟ. ಹೊಡೀತೀಯಾ? ಹೊಡಿ. ಮಗೀನ್ನ ಕೊಡಂಗಿಲ್ಲ."

ಎಣ್ಣೆ ಚೆಲ್ಲಿದ ಅಂಗಿ ಬಿಚ್ಚಿ, ಮೈ ಒರೆಸಿ, ಪಕ್ಕದ ಮನೆಯವರ ಟ್ರ್ಯಾಕ್ಸ್ ಜೀಪಿನಲ್ಲಿ ಹಡಗಲಿಗೆ ಹೊರಟೆವು. ದಾರಿಯುದ್ದಕ್ಕೂ ಆ ಪುಟ್ಟ ಪಕ್ಕೆಲುಬುಗಳ ಏರಿಳಿತ ಎಣಿಸಿದೆ. ನಿಮಿಷಕ್ಕೆ ಐವತ್ತೆಂಟು. ಆ ವಯಸ್ಸಿಗೆ ನಲವತ್ತು ದಾಟಬಾರದು. ಇಂದಿಗೂ ನಿದ್ದೆಗಣ್ಣಿನಲ್ಲಿ ಕೆಲವೊಮ್ಮೆ ನಾನು ಎಣಿಸುತ್ತಿರುತ್ತೇನೆ.

ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳಿದ್ದು ಒಂದೇ: "ವಾಂತಿ ಮಾಡಿಸಿದಿರಾ?"

"ಇಲ್ಲ."

"ಬಚಾವ್," ಎಂದವರೇ ಆಕ್ಸಿಜನ್ ಹಚ್ಚಿದರು. ಆದರೂ ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಗೆ ಮಸುಕು ಕಂಡಿತು, ಜ್ವರವೂ ಏರಿತು. ನಾವು ಮೂವರು ಹೆಂಗಸರು ಸರದಿಯಲ್ಲಿ ಉಸಿರು ಎಣಿಸಿದೆವು.

ಮೂರನೆಯ ದಿನ ನನ್ನ ಮೇಲಧಿಕಾರಿ ವಾರ್ಡಿಗೇ ಬಂದರು. "ಈ ಕುರ್ಚಿ ಶೋಕಿ ಇವತ್ತಿಗೆ ಬಂದ್. ತಾಯಿಯ ನಿರ್ಲಕ್ಷ್ಯ ಅಂತ ವರದಿ ಬರೀರಿ."

ನಾನು ಬಾಯಿ ತೆರೆಯುವ ಮೊದಲೇ ಹನುಮಕ್ಕ ಎದ್ದಳು. "ನನ್ನ ಸೊಸಿ ಹೆಸರು ಬರಿಯಂಗಿದ್ರ ನನ್ನದೂ ಬರ್ಕೋರಿ ಸಾಹೇಬ್ರ. ಉಪ್ಪುನೀರು ಕಲಸಿದಾಕಿ ನಾನು."

ವರದಿ ಬರೆದೆ: ಲೋಟ ನನ್ನ ಕಣ್ಣೆದುರೇ ಇತ್ತು, ನಾನು ಸುಮ್ಮನಿದ್ದೆ, ತಪ್ಪು ನನ್ನದು, ಕುರ್ಚಿ ಕೆಲಸ ನಿಲ್ಲಿಸುವುದಿಲ್ಲ. ನೋಟೀಸು ಬಂತು. ಉತ್ತರದಲ್ಲೂ ಅದನ್ನೇ ಬರೆದೆ. ಮುಂದೆ ಪ್ರತಿ ಊರಲ್ಲೂ ಪಾಠ ಶುರುವಾಗುತ್ತಿದ್ದುದು ಬ್ರಷ್ಷಿನಿಂದಲ್ಲ: ಉಣ್ಣುವ, ಕುಡಿಯುವ ಪಾತ್ರೆಗೆ ಎಣ್ಣೆ, ಬಣ್ಣ ಹಾಕಕೂಡದು, ಮಕ್ಕಳು ಎಚ್ಚರವಿದ್ದಾಗ ಡಬ್ಬಿ ತೆರೆಯಕೂಡದು. ಬಡವರ ಮನೆಗೆ ಚೆಂದ ಬೇಡ ಎನ್ನುವುದು ಸುಲಭ. ಚೆಂದವನ್ನು ಅಪಾಯವಿಲ್ಲದೆ ಮಾಡುವುದು ಹೇಗೆಂದು ಕಲಿಸುವುದೇ ನಮ್ಮ ಕೆಲಸವೆಂದು ನಾನು ಕಲಿತದ್ದು ಆ ವಾರ್ಡಿನಲ್ಲಿ.

ಐದನೆಯ ದಿನ, ಶನಿವಾರ, ಜ್ವರ ಇಳಿಯಿತು. ಸಂಜೆ ಪಲ್ಲವಿಯ ಉಸಿರು ನಿಮಿಷಕ್ಕೆ ಮೂವತ್ತು. ಆಮೇಲೆ ರಾತ್ರಿಯಿಡೀ ಯಾರೂ ಎಣಿಸಲಿಲ್ಲ. ಮಂಚದ ಮೇಲೆ ತಾಯಿ, ಮಗಳು, ಕೆಳಗೆ ಒಂದೇ ಚಾಪೆಯಲ್ಲಿ ಹನುಮಕ್ಕ, ನಾನು, ಬೆಳಗಿನ ನರ್ಸ್ ಬಂದು ಎಬ್ಬಿಸುವವರೆಗೂ ಮಲಗಿದ್ದೆವು.