ಪ್ಯಾನೆಲ್ ಕೆಳಗಿನ ನೆರಳು

ಭಾವನವರ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ಸ್ಯಾನ್ ರಮೋನ್‌ನ ನಮ್ಮ ಮನೆಗೆ ಸೋಲಾರ್ ಹಾಕಿಸಿದ್ದು ಅಮ್ಮನಿಗಾಗಿ. ಈ ದೇಶಕ್ಕೆ ನನ್ನ ಜೊತೆಗಿರಲು ಬಂದ ಮೇಲೆ ಅವಳ ಶ್ವಾಸಕೋಶ ಕೈಕೊಟ್ಟಿತು. ದಿನವಿಡೀ ಆಕ್ಸಿಜನ್ ಮಷೀನು ಬೇಕು. ಇಲ್ಲಿ ಬಿಸಿಗಾಳಿ ಎದ್ದರೆ ಕಾಡ್ಗಿಚ್ಚಿನ ಭಯಕ್ಕೆ ಕರೆಂಟು ತೆಗೆಯುತ್ತಾರೆ. ಅದಕ್ಕೇ ಬ್ಯಾಟರಿಯೂ ಇರಲಿ, ಗರಾಜಿನ ಗೋಡೆಗೆ ಹಾಕೋಣ ಎಂದೆ. ಆ ಗೋಡೆಯ ಆಚೆ ನಮ್ಮ ದೇವರಮನೆ, ಅಂದರೆ ಹಿಂದಿನ ಮಾಲೀಕರು ಶೂ ಇಡುತ್ತಿದ್ದ ಕ್ಲಾಸೆಟ್ಟು.

"ದೇವ್ರ ಬೆನ್ನಿಗೆ ಬ್ಯಾಟರಿ ಇಡ್ತೀಯೇನಮ್ಮ?" ಎಂದರು ಭಾವ, ನನ್ನ ಗಂಡನ ಅಣ್ಣ. ಯೂನಿಯನ್ ಸಿಟಿಯಿಂದ ವಾರಕ್ಕೊಮ್ಮೆ ಬಂದು ನಮಗೆ ಬುದ್ಧಿ ಹೇಳಿ ಹೋಗುವುದು ಅವರ ಹವ್ಯಾಸ. "ಚಾವಣಿ ಮೇಲೆ, ಪ್ಯಾನೆಲ್ ಕೆಳಗೇ ಕೂರಿಸೋಣ. ಜಾಗ ಉಳಿಯತ್ತೆ, ವೈರು ಉಳಿಯತ್ತೆ. ನೆರಳು ಬೇರೆ, ತಂಪಾಗಿರತ್ತೆ."

ಸರ್ವರ್ ಕೋಣೆಗಳನ್ನು ತಂಪಾಗಿಡುವುದೇ ನನ್ನ ಉದ್ಯೋಗ. ಪ್ಯಾನೆಲ್ಲೂ ಕಾಯುತ್ತದೆ, ಚಾವಣಿಯೂ ಕಾಯುತ್ತದೆ, ನಡುವೆ ಸಿಕ್ಕಿದ್ದು ಬೇಯುತ್ತದೆ, ಕೆಟ್ಟರೆ ಮೇಲಿನದನ್ನೆಲ್ಲ ಬಿಚ್ಚಬೇಕು ಎಂದೆಲ್ಲ ಹೇಳಿದೆ. ಅವರು ನಕ್ಕರು. "ಅಡುಗೆಮನೆ ಬಿಸಿನೇ ಬೇರೆ, ಇದೇ ಬೇರೆ ಕಣಮ್ಮ." ನನ್ನ ಗಂಡ ಅಣ್ಣನ ಮುಖ ನೋಡಿ ತಲೆಯಾಡಿಸಿದ. ದೇವರ ಹೆಸರು ಬೇರೆ ಎತ್ತಿದ್ದರಲ್ಲ, ನಾನೂ ಬಾಯಿ ಮುಚ್ಚಿಕೊಂಡೆ. ಆ ತಪ್ಪು ನನ್ನದೇ. ಭಾವ ಯಾರೋ ಪರಿಚಯದ ಕಂಟ್ರಾಕ್ಟರನ್ನು ಕರೆತಂದು, ಪ್ಯಾನೆಲ್ಲುಗಳನ್ನು ಎತ್ತರಿಸಿ, ಅಡಿಯಲ್ಲಿ ಬ್ಯಾಟರಿಗಳನ್ನು ಸಾಲಾಗಿ ಕೂರಿಸಿದರು.

ಸೆಪ್ಟೆಂಬರಿನಲ್ಲಿ ಗಾಳಿ ಎದ್ದಿತು, ಕರೆಂಟು ಹೋಯಿತು. ಮಧ್ಯಾಹ್ನ ಒಂದು ಗಂಟೆಗೆ, ಬಿಸಿಲು ಸುರಿಯುತ್ತಿರುವಾಗಲೇ, ಬ್ಯಾಟರಿ ಕಾದು ತನ್ನಷ್ಟಕ್ಕೆ ಆಫ್ ಆಯಿತು. ಅದರ ಹಿಂದೆಯೇ ಪ್ಯಾನೆಲ್ಲೂ; ಕರೆಂಟು ಹೋದಾಗ ಬ್ಯಾಟರಿ ಇಲ್ಲದೆ ಅದು ನಡೆಯದು. ಅಮ್ಮನ ಮಷೀನು ನಿಂತಿತು. ಅವಳನ್ನು ತಬ್ಬಿ ಹಿಡಿದು ಕಾರಿಗೆ ಸಾಗಿಸಿ, ಅಲ್ಲಿನ ಪ್ಲಗ್ಗಿಗೆ ಪ್ರಯಾಣಕ್ಕೆಂದು ಇಟ್ಟಿದ್ದ ಸಣ್ಣ ಮಷೀನು ಸಿಕ್ಕಿಸಿದೆ. ಅದು ಅವಳಿಗೆ ಸಾಲುತ್ತಿರಲಿಲ್ಲ. ಫ್ರೀವೇ ತುಂಬ ಕಾರುಗಳು. ಆಸ್ಪತ್ರೆ ಮುಟ್ಟಲು ನಲವತ್ತು ನಿಮಿಷ. ಅಷ್ಟೂ ಹೊತ್ತು ಅವಳ ತುಟಿ ನೀಲಿಯಾಗಿತ್ತು, ನನ್ನ ತೋಳು ಹಿಡಿದ ಕೈ ಸಡಿಲವಾಗುತ್ತ ಬಂತು. ಹೇಗೋ ಉಳಿದುಕೊಂಡಳು.

"ಡಿಸೈನು ಸರಿಯಾಗೇ ಇದೆ, ಪೀಸು ಡಿಫೆಕ್ಟು" ಎಂದರು ಭಾವ ಫೋನಿನಲ್ಲಿ. ಅಮ್ಮ ಹೇಗಿದ್ದಾಳೆಂದು ಕೇಳಲಿಲ್ಲ.

ಅಮ್ಮ ಮನೆಗೆ ಬಂದ ಮರುವಾರ, ತಮ್ಮ ಮಾತು ಸಾಬೀತು ಮಾಡಲು ಅವರು ಥರ್ಮಾಮೀಟರು ಹಿಡಿದು ಬಂದರು. ಬೆಳಿಗ್ಗೆ ಬರುತ್ತೇನೆ ಎಂದವರಿಗೆ ಒಂದು ಗಂಟೆಗೇ ಬನ್ನಿ ಎಂದು ಹೇಳಿದವಳು ನಾನು. ನನ್ನ ಗಂಡ ಆಫೀಸಿನಲ್ಲಿದ್ದ.

"ಸರಿಯಾಗಿ ಅಳೀರಿ ಭಾವ, ಆತುರ ಬೇಡ" ಎಂದೆ. ಅವರು ಚಾವಣಿ ಹತ್ತಿ ಪ್ಯಾನೆಲ್ಲುಗಳತ್ತ ಹೋದ ಕೂಡಲೇ ಏಣಿ ತೆಗೆದು ಗರಾಜಿನಲ್ಲಿಟ್ಟು, ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಅವರ ಫೋನು ನಮ್ಮ ಊಟದ ಮೇಜಿನ ಮೇಲಿತ್ತು.

ಸ್ವಲ್ಪ ಹೊತ್ತಿಗೆ ಮೇಲಿನಿಂದ ದನಿ ಬಂತು. "ಏಣಿ ಎಲ್ಲಮ್ಮ? ಕಾಲು ಸುಡ್ತಾ ಇದೆ."

"ಗಾಳಿಗೆ ಬೀಳತ್ತೆ ಅಂತ ಒಳಗಿಟ್ಟೆ. ನೀವು ಪ್ಯಾನೆಲ್ ಕೆಳಗೆ ನೆರಳಲ್ಲಿ ಕೂತಿರಿ. ತಂಪಾಗಿರತ್ತೆ."

ಅವರು ಮೊದಲು ಗದರಿದರು, ಆಮೇಲೆ ನನ್ನ ಗಂಡನ ಹೆಸರು ಹಿಡಿದು ಕೂಗಿದರು, ಆಮೇಲೆ ಸುಮ್ಮನೆ ಏದುಸಿರು ಬಿಡತೊಡಗಿದರು. ನಾನು ಗಡಿಯಾರ ನೋಡುತ್ತ ಕೂತೆ. ಸುಳ್ಳು ಯಾಕೆ, ಹಿತವಾಗಿತ್ತು.

ಮೂವತ್ತನೆಯ ನಿಮಿಷಕ್ಕೆ ಅಮ್ಮ ಮೂಗಿನ ಕೊಳವೆ ಎಳೆದುಕೊಂಡು ಹಿತ್ತಲ ಬಾಗಿಲಿಗೆ ಬಂದಳು. ಕೈಯಲ್ಲಿ ಲೋಟದ ತುಂಬ ಮಜ್ಜಿಗೆ.

"ಪಾಪ, ಏಣಿ ಇಡೇ. ಉಸಿರು ಕಟ್ಟೋದು ಹೇಗಿರತ್ತೆ ಅಂತ ನಂಗೊತ್ತು."

"ನಂಗೂ ಗೊತ್ತಮ್ಮ" ಎಂದು ಅವಳ ಕೈಯಿಂದ ಲೋಟ ತೆಗೆದುಕೊಂಡು, ಮಜ್ಜಿಗೆಯನ್ನು ನಾನೇ ಕುಡಿದೆ. ನಲವತ್ತಕ್ಕೆ ಇನ್ನೂ ಹತ್ತು ನಿಮಿಷ ಉಳಿದಿತ್ತು.