ಪ್ರಸ್ಥಾನದ ಗಂಟು

ಅರಕಲಗೂಡಿನ ನಮ್ಮ ತಾತನಿಗೆ ಪ್ರಯಾಣದ ಬಗ್ಗೆ ಒಂದೇ ಒಂದು ಸೂತ್ರವಿತ್ತು. ಒಂದು ಬಸ್ಸು ಇಳಿದು ಇನ್ನೊಂದು ಹತ್ತಬೇಕಾದರೆ ಎರಡರ ನಡುವೆ ಒಂದು ಊಟದ ಹೊತ್ತು ಬಿಡಬೇಕು. "ಮೊದಲ್ನೇದು ತಡವಾದ್ರೆ ಊಟ ತಪ್ಪತ್ತೆ, ಬಸ್ಸು ತಪ್ಪಲ್ಲ" ಎನ್ನುತ್ತಿದ್ದರು. ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಅವರು ಕೂತು ಬುತ್ತಿ ಬಿಚ್ಚಿದರೆ ಲೋಕ ಸರಿಯಾಗಿ ನಡೆಯುತ್ತಿದೆ ಎಂದು ನಾವು ಮಕ್ಕಳು ತಿಳಿದುಕೊಳ್ಳುತ್ತಿದ್ದೆವು. ನಾನು ನಿವೃತ್ತನಾಗಿ ಹಾಸನದಲ್ಲಿ ಮನೆ ಮಾಡಿದ ಮೇಲೆ ಬಳಗದವರಿಗೆಲ್ಲ ಟಿಕೆಟ್ ಮಾಡಿಕೊಡುವ ಕೆಲಸ ತಾನಾಗಿ ನನ್ನ ತಲೆಗೆ ಬಂತು. ರೈಲಾಗಲಿ ವಿಮಾನವಾಗಲಿ, ತಾತನ ಸೂತ್ರವನ್ನು ನಾನು ಬಿಟ್ಟವನಲ್ಲ.

ಅಕ್ಕನನ್ನು ಹಡಗು ಹತ್ತಿಸಲು ಹೊರಟಾಗಲೂ ಅದೇ ಧೈರ್ಯ.

ಅಕ್ಕ ನನ್ನ ಒಡಹುಟ್ಟಿದವಳು, ಹೊಳೆನರಸೀಪುರದ ಅರ್ಚಕರ ಮನೆಗೆ ಸೇರಿದವಳು. ಮದುವೆಯಾದ ಹೊಸದರಲ್ಲಿ ಭಾವನ ಮನೆ ಹೇಮಾವತಿಯ ಆಚೆ ದಡದ ಹಳ್ಳಿಯಲ್ಲಿತ್ತು. ಹೊಳೆ ತುಂಬಿತ್ತಂತೆ, ಮದುಮಗಳನ್ನು ಹರಿಗೋಲಿನಲ್ಲಿ ಕೂರಿಸಿ ದಾಟಿಸಿದರು. ಹರಿಗೋಲು ಗಿರಗಿರ ತಿರುಗಿದ ಹಾಗೆಲ್ಲ ಅಕ್ಕ ನಕ್ಕಳಂತೆ. ಈ ದಡದಿಂದ ಆ ದಡದವರೆಗೆ ನಕ್ಕಿದ್ದೇ ನಕ್ಕಿದ್ದು. ಇಳಿದ ಕೂಡಲೇ ಅವಳ ಅತ್ತೆ, "ಮದುವೆ ಹೆಣ್ಣು ಹಲ್ಲು ಬಿಡೋದು ನಮ್ಮ ಮನೇಲಿ ಪದ್ಧತಿ ಇಲ್ಲ" ಎಂದರಂತೆ. ಆಮೇಲೆ ಸೇತುವೆಯಾಯಿತು, ಸಂಸಾರ ಪೇಟೆಗೆ ಬಂತು, ಅಕ್ಕ ಮತ್ತೆ ನೀರಿನ ಮೇಲೆ ಕೂರಲೇ ಇಲ್ಲ. ಆದರೆ ಟೀವಿಯಲ್ಲಿ ಎಲ್ಲೇ ದೋಣಿ ಕಂಡರೂ ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದು ನಿಲ್ಲುತ್ತಾಳೆ.

ಭಾವನಿಗೂ ದಾಯಾದಿಗಳಿಗೂ ದೇವಸ್ಥಾನದ ಪೂಜೆ ಪಾಳಿಯ ಮೇಲೆ. ತಮ್ಮ ಪಾಳಿ ಬಂದರೆ ನೈವೇದ್ಯದ ಅಡುಗೆ ಅಕ್ಕನದೇ, ಊರು ಬಿಡುವ ಮಾತೇ ಇಲ್ಲ. ದಾಯಾದಿಗಳ ಪಾಳಿ ಇನ್ನೂ ಒಂದಿಷ್ಟು ದಿನ ಉಳಿದಿದೆ ಎಂದಾಗ ನಾನು, ನನ್ನ ಹೆಂಡತಿ, ಅಕ್ಕ, ಮೂವರಿಗೂ ಸಿಂಗಪುರದಿಂದ ಹೊರಡುವ ಹಡಗಿನಲ್ಲಿ ಜಾಗ ಹಿಡಿದೆ. ಇದು ತಪ್ಪಿದರೆ ಮುಂದಿನ ವರ್ಷದ ಮಾತು. ಅಕ್ಕನ ಮಂಡಿ ನೋಡಿದರೆ ಮುಂದಿನ ವರ್ಷದ ಮಾತು ಆಡುವುದು ಕಷ್ಟ.

ಹೊರಡುವ ದಿನ ಸೋಮವಾರ ಬಿತ್ತು. "ಸೋಮವಾರ ಪೂರ್ವಕ್ಕೆ ಶೂಲೆ ಕಣೋ" ಎಂದಳು ಅಕ್ಕ. ಬೆಂಗಳೂರು ನಮಗೆ ಪೂರ್ವ, ಶೂಲೆಯಿದ್ದ ದಿನ ಆ ದಿಕ್ಕಿಗೆ ಹೊರಡಬಾರದು. ವಿಮಾನದವರು ಶೂಲೆ ಕೇಳುವುದಿಲ್ಲ ಎಂದೆ. "ಅವರು ಕೇಳದಿದ್ರೆ ಬೇಡ. ನಾನು ಪ್ರಸ್ಥಾನ ಇಡ್ತೀನಿ" ಎಂದಳು. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ ಮೊದಲೇ ಒಂದು ಒಳ್ಳೆಯ ಹೊತ್ತು ನೋಡಿ ಪ್ರಯಾಣದ ಸಾಮಾನೊಂದನ್ನು ಬೇರೆಯವರ ಮನೆಯಲ್ಲಿ ಇಟ್ಟುಬರುವುದು ನಮ್ಮ ಹಳಬರ ಕ್ರಮ. ಸಾಮಾನು ಹೊಸಿಲು ದಾಟಿತೆಂದರೆ ನಾವೂ ಹೊರಟ ಲೆಕ್ಕ. ಅದನ್ನು ವಾಪಸು ಮನೆಗೆ ತರುವಂತಿಲ್ಲ. ಹೋಗುವಾಗ ಎತ್ತಿಕೊಂಡೇ ಹೋಗಬೇಕು. ಶುಕ್ರವಾರ ಅಕ್ಕ ಒಂದು ಗಂಟು ಕಟ್ಟಿ ಎದುರು ಮನೆಯ ಗೆಳತಿಯ ಕೈಗೆ ಕೊಟ್ಟು ಬಂದಳು. ಆ ಗೆಳತಿ ಹಳೇಕೋಟೆಯ ಕಡೆಯ ಗೌಡರ ಮನೆಯ ಹೆಣ್ಣುಮಗಳು. ಇಬ್ಬರಿಗೂ ಎಷ್ಟು ಒಡನಾಟವೆಂದರೆ ಒಬ್ಬರ ಮನೆಯ ಸಾರು ಕುದಿಯುವುದು ಇನ್ನೊಬ್ಬರಿಗೆ ಗೊತ್ತು.

ಶನಿವಾರ ಸಂಜೆ ನಾನೂ ನನ್ನ ಹೆಂಡತಿಯೂ ಹಾಸನದಿಂದ ಅಕ್ಕನ ಮನೆಗೆ ಬಂದು ಕಾಫಿ ಲೋಟ ಹಿಡಿದಿದ್ದೆವು. ಹಡಗಿನವರ ಸಂದೇಶ ಬಂತು. ಸಿಂಗಪುರದ ಬಂದರಿನಲ್ಲಿ ಹಡಗಿಗೆ ತಂಗಲು ಜಾಗವಿಲ್ಲ. ಮಲೇಷ್ಯಾದ ಬಂದರಿನಿಂದ ಹೊರಡುತ್ತದೆ, ಅದೂ ಒಂದು ದಿನ ಮೊದಲು. ಕೊನೆಗೆ ಇಳಿಸುವುದು ಮಾತ್ರ ಸಿಂಗಪುರದಲ್ಲೇ.

ಲೋಟ ಕೆಳಗಿಟ್ಟೆ. ಸೋಮವಾರದ ವಿಮಾನ ಹಿಡಿದರೆ ನಾವು ಸಿಂಗಪುರಕ್ಕೆ ಇಳಿಯುವ ಹೊತ್ತಿಗೆ ಹಡಗು ಬೇರೆ ದೇಶದಿಂದ ಹೊರಟು ಸಮುದ್ರದಲ್ಲಿರುತ್ತದೆ. ಭಾನುವಾರವೇ ಹೊರಡಬೇಕು.

ವಿಮಾನ ಕಂಪನಿಯ ಹುಡುಗಿಯೊಂದಿಗೆ ಫೋನಿನಲ್ಲಿ ಮಾತಾಡಿ ಮಾತಾಡಿ ಕಿವಿ ಬಿಸಿಯಾಯಿತು. ಹೋಗುವ ಟಿಕೆಟನ್ನು ಸುಮ್ಮನೆ ಬಿಟ್ಟು ಬೇರೆ ಕೊಂಡರಾಯಿತು ಎಂದುಕೊಂಡಿದ್ದೆ. ಹಾಗೆ ಮಾಡಿದರೆ ಬರುವ ಟಿಕೆಟ್ ತಾನಾಗಿಯೇ ರದ್ದಾಗುತ್ತದೆ ಎಂದಳು ಅವಳು. ಮೊದಲ ಕೊಂಡಿ ಕಳಚಿದರೆ ಸರಪಣಿಯೇ ಹೋಗುತ್ತದಂತೆ. ಹಾಗಾಗಿ ಹಳೆಯ ಟಿಕೆಟನ್ನೇ ತಿದ್ದಿಸಿದೆ. ಭಾನುವಾರ ಸಂಜೆ ಬೆಂಗಳೂರಿನಿಂದ ಚೆನ್ನೈ, ಅಲ್ಲಿಂದ ಕ್ವಾಲಾಲಂಪುರ. ಎರಡನ್ನೂ ಬೇರೆ ಬೇರೆ ಕೊಂಡರೆ ಅಗ್ಗವಿತ್ತು, ಆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ. ಎರಡೂ ಒಂದೇ ಟಿಕೆಟಿನಲ್ಲಿ ಬರುವ ಹಾಗೆ, ನಡುವೆ ತಾತನ ಊಟದ ಹೊತ್ತೂ ಇರುವ ಹಾಗೆ ಮಾಡಿಸಿ ಭಾನುವಾರ ಬೆಳಿಗ್ಗೆ ನಿಟ್ಟುಸಿರು ಬಿಟ್ಟೆ. ಪಾಸ್‌ಪೋರ್ಟ್ ಸಂಖ್ಯೆಗಳೆಲ್ಲ ಫೋನಿನ ಫೋಟೋದಲ್ಲಿದ್ದವು. ಅದೇ ಮುಳುವಾಯಿತು. ಇಲ್ಲದಿದ್ದರೆ ನಿಜವಾದವು ಎಲ್ಲಿವೆ ಎಂದು ಆಗಲೇ ಕೇಳುತ್ತಿದ್ದೆ.

ಟ್ಯಾಕ್ಸಿ ಬಾಗಿಲಿಗೆ ಬಂದ ಮೇಲೆ ಕೇಳಿದೆ.

"ಪ್ರಸ್ಥಾನದ ಗಂಟಲ್ಲಿ" ಎಂದಳು ಅಕ್ಕ.

ಮೂವರ ಪಾಸ್‌ಪೋರ್ಟೂ ಒಂದೇ ಕಡೆ ಇರಲಿ ಎಂದು ಹೋದ ವಾರ ಅವಳ ಕೈಗೆ ಕೊಟ್ಟವನು ನಾನೇ. "ಹಳೇ ಟವೆಲ್ ಕಟ್ಟಿಟ್ಟಿದ್ರೆ ಆಗ್ತಿರಲಿಲ್ವೇನೇ?" ಎಂದೆ.

"ಬೇಡದ್ದನ್ನ ಇಟ್ಟು ಹೊರಟೆ ಅಂದ್ರೆ ದೇವರು ನಂಬ್ತಾನೇನೋ? ಯಾವುದಿಲ್ದೆ ಹೋಗಕ್ಕಾಗಲ್ವೋ ಅದನ್ನೇ ಇಡಬೇಕು."

ಎದುರು ಮನೆಗೆ ಓಡಿದೆ. ಬಾಗಿಲಿಗೆ ಅಂಗೈಯಗಲದ ಬೀಗ. ಗೆಳತಿ ಅಣ್ಣನ ಮೊಮ್ಮಗುವಿನ ನಾಮಕರಣಕ್ಕೆ ಬೆಳಿಗ್ಗೆಯೇ ಹಳೇಕೋಟೆಗೆ ಹೋಗಿದ್ದಳು. ನಾವು ಸೋಮವಾರ ಹೊರಡುವವರು, ಸಂಜೆ ಬಂದರೆ ಸಾಕು ಎಂಬ ಲೆಕ್ಕ ಅವಳದು. ಫೋನು ಬಡಿದುಕೊಂಡಿತೇ ಹೊರತು ಎತ್ತುವವರಿಲ್ಲ.

ಭಾವ ಜಗಲಿಯ ಮೇಲೆ ಕೂತು ಪಂಚಾಂಗ ಮಡಚುತ್ತ, "ತಮಾಷೆ ನೋಡು, ಭಾನುವಾರ ಪೂರ್ವಕ್ಕೆ ಶೂಲೆಯೇ ಇಲ್ಲ. ಇವತ್ತು ಹೊರಡೋದಾದ್ರೆ ಪ್ರಸ್ಥಾನವೇ ಬೇಕಿರಲಿಲ್ಲ" ಎಂದರು.

ಹಿತ್ತಿಲಿನಿಂದ ಹಾರೆ ತಂದೆ. ಅಕ್ಕ ಅಡ್ಡ ನಿಂತಳು. "ಇನ್ನೊಬ್ಬರ ಮನೆ ಬೀಗ ಒಡೆದು ಹೊರಡೋ ಪ್ರಯಾಣ ನನಗೆ ಬೇಡ. ಅವಳ ಹತ್ರ ಒಂದು ಮಾತು ಕೇಳದೆ ಮುಟ್ಟಬೇಡ."

"ಅವಳು ಫೋನ್ ಎತ್ತಿದ್ರೆ ತಾನೇ ಕೇಳೋದು? ಹಡಗು ಹೋಗತ್ತೆ ಕಣೇ."

"ಹೋಗ್ಲಿ."

ಅವಳು ಹಾಗೆಂದದ್ದು ಬಾಯಲ್ಲಿ. ಕೈ ಸೀರೆಯ ಸೆರಗನ್ನು ಸುತ್ತಿ ಸುತ್ತಿ ಹಗ್ಗ ಮಾಡುತ್ತಿತ್ತು. ನಾನು ಹಾರೆಯ ತುದಿಯನ್ನು ಬೀಗದ ಕೊಂಡಿಗೆ ತಾಗಿಸಿದ್ದೆ. ಆಗ ನನ್ನ ಹೆಂಡತಿಯ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು.

"ಏನವ್ವ, ಇಷ್ಟ್ ಸರ್ತಿ ಮಾಡಿದ್ದೀರಿ? ಊಟುಕ್ ಕುಂತಿದ್ದೆ, ವಾಲಗದ ಸದ್ದಲ್ಲಿ ಕೇಳ್ನಿಲ್ಲ" ಎಂದಳು ಗೆಳತಿ. ನಾನು ಫೋನು ಕಿತ್ತುಕೊಂಡು ಸಂಗತಿ ಹೇಳಿದೆ.

"ಬೀಗ ಗೀಗ ಒಡೆದೀರಾ ಸಾ, ಒಳ್ಗೆ ಏನೂ ಇಲ್ಲ. ಗಂಟು ನನ್ನತ್ರನೇ ಐತೆ."

"ನಿಮ್ಮ ಹತ್ತಿರವೇ?"

"ಇನ್ನೇನು ಮತ್ತೆ? ಪಯಣದ ಗಂಟ ಒಂಟಿ ಮನೇಲಿ ಬುಟ್ಟು ಓಯ್ತಾರಾ? ನಂಬಿ ಕೊಟ್ಟವ್ರೆ ಅಕ್ಕ. ಮಡ್ಲಲ್ಲೇ ಮಡಿಕಂಡಿವ್ನಿ."

ಹಾರೆ ಕೆಳಗಿಟ್ಟು, "ಅಲ್ಲೇ ಇರಿ, ನಾವೇ ಬರ್ತೀವಿ" ಎಂದೆ.

"ಬ್ಯಾಡಿ ಸಾ. ನೀವು ಈ ಕಡೀಕ್ ಬಂದ್ರೆ ಇಂದಕ್ ಬಂದಂಗಾಯ್ತದೆ. ನೀವು ಚನ್ರಾಯ್‌ಪಟ್ಣದ ದಾರಿ ಇಡೀರಿ. ನಮ್ಮಣ್ಣನ ಮಗ ಕಾಯಿ ಗಾಡಿ ತಗಂಡು ಅಲ್ಲೀಗೇ ಓಯ್ತಾವ್ನೆ, ಅದ್ರಲ್ ಕುಂತ್ಕಂಡು ಬತ್ತೀನಿ. ದೊಡ್ ರೋಡು ಸೇರೋ ತಾವ ನಿಂತಿರಿ."

ಫೋನು ಕಡಿಯಿತು. ಮತ್ತೆ ಮಾಡಿದರೆ ಸಿಗಲಿಲ್ಲ.

ಚಾಲಕ ಗಾಡಿ ಶುರು ಮಾಡಿಕೊಂಡು ಕೂತಿದ್ದ. "ಯಾವ ಕಡೀಕ್ ತಿರುಗ್ಸ್ಲಿ ಸಾ?" ಎಂದು ಕೇಳಿದ.

ನಾನು ಇಡೀ ಜನ್ಮದಲ್ಲಿ ಕೈಯಲ್ಲಿ ಟಿಕೆಟಿಲ್ಲದೆ ಬಸ್ ನಿಲ್ದಾಣಕ್ಕೂ ಹೋದವನಲ್ಲ. ಹಳೇಕೋಟೆಗೆ ಹೋದರೆ ಗಂಟು ಕೈಗೆ ಸಿಗುವುದು ಖಂಡಿತ, ಹೊತ್ತು ಮೀರುವುದೂ ಬಹುತೇಕ ಖಂಡಿತ. ಅವಳು ಹೊರಟೇಬಿಟ್ಟಿದ್ದರೆ ದಾರಿಯಲ್ಲಿ ಒಬ್ಬರಿಗೊಬ್ಬರು ತಪ್ಪಿಸಿಕೊಳ್ಳುತ್ತೇವೆ. ಚನ್ನರಾಯಪಟ್ಟಣಕ್ಕೆ ಹೋದರೆ ಹೊತ್ತು ಉಳಿಯುತ್ತದೆ, ಆದರೆ ಕೈ ಬರಿದು.

"ಮುಂದಕ್ಕೆ ನಡಿಯಪ್ಪ" ಎಂದಳು ಅಕ್ಕ, ನನ್ನ ಮುಖ ನೋಡದೆ.

ಚನ್ನರಾಯಪಟ್ಟಣದ ಹೊರಗೆ, ನಮ್ಮ ರಸ್ತೆ ಬೆಂಗಳೂರಿನ ಹೆದ್ದಾರಿಗೆ ಸೇರುವಲ್ಲಿ, ಎಳನೀರಿನವನ ನೆರಳಲ್ಲಿ ನಿಂತೆವು. ಎರಡು ಗಂಟೆಯೊಳಗೆ ಅಲ್ಲಿಂದ ಹೊರಟರೆ ವಿಮಾನ ಸಿಗುತ್ತದೆ, ಆಮೇಲೆ ಹೊರಟರೆ ಇಲ್ಲ ಎಂದು ಲೆಕ್ಕ ಹಾಕಿದ್ದೆ. ಹಾಸನದ ಕಡೆಯ ಲಾರಿಗಳು, ಬಸ್ಸುಗಳು ಗಾಳಿ ಎಬ್ಬಿಸಿಕೊಂಡು ಬೆಂಗಳೂರಿಗೆ ಹೋಗುತ್ತಿದ್ದವು. ನಾವು ನೋಡುತ್ತಿದ್ದದ್ದು ಅತ್ತ ಬೆನ್ನು ಹಾಕಿ, ಬಂದ ದಾರಿಯನ್ನು.

ಸುಮ್ಮನಿರಲಾಗದೆ ಹಡಗಿನವರಿಗೆ ಫೋನು ಮಾಡಿದೆ. ಮೊದಲ ಬಂದರು ತಪ್ಪಿದರೆ ಮುಂದಿನ ಬಂದರಿನಲ್ಲಿ ಹತ್ತಬಹುದೇ ಎಂದು ಕೇಳಿದೆ. ಬಹಳ ಮೃದುವಾದ ದನಿಯಲ್ಲಿ ಒಬ್ಬ ವಿವರಿಸಿದ. ಅದಕ್ಕೆ ಮೊದಲೇ ಒಪ್ಪಿಗೆ ಪಡೆಯಬೇಕು, ಆ ದೇಶದವರೂ ಒಪ್ಪಬೇಕು, ಅಲ್ಲಿಗೆ ನಾವೇ ಬಂದು ಸೇರಬೇಕು. ಕೇಳಿ ನೋಡುತ್ತೇನೆ, ಭರವಸೆ ಕೊಡಲಾರೆ. ನಮ್ಮ ಕಡೆ ಹೆಣ್ಣು ಕೇಳಲು ಹೋದಾಗ "ನೋಡೋಣ" ಎನ್ನುತ್ತಾರಲ್ಲ, ಅದೇ ಧಾಟಿ.

ಒಂದು ಕಾಯಿ ಗಾಡಿ ಬಂತು. ನನ್ನ ಹೆಂಡತಿ ಕೈ ಎತ್ತಿದಳು. ಗಾಡಿಯವನು ತಲೆಯಾಡಿಸಿ ಮುಂದೆ ಹೋದ. ಇನ್ನೊಂದು ಬಂತು, ಅದರಲ್ಲಿ ಹೆಂಗಸರೇ ಇರಲಿಲ್ಲ. ತೆಂಗಿನ ಸೀಮೆಯಲ್ಲಿ ಕಾಯಿ ಗಾಡಿಯನ್ನು ಗುರುತು ಹಿಡಿದು ಕಾಯುವುದೆಂದರೆ ಜಾತ್ರೆಯಲ್ಲಿ ಬಿಳಿ ಪಂಚೆಯವನನ್ನು ಹುಡುಕಿದ ಹಾಗೆ. ಎಳನೀರಿನವನಿಗೂ ಅಷ್ಟರಲ್ಲಿ ವಿಷಯ ತಿಳಿದಿತ್ತು. "ಬತ್ತಾರೆ ತಕಳಿ ಸಾ. ಬರ್ದೆ ಎಲ್ಲೋದಾರು? ಇನ್ನೊಂದ್ ಕೊಚ್ಲಾ?" ಎಂದ. ಮೊದಲನೆಯದೇ ನನ್ನ ಕೈಯಲ್ಲಿ ಹಾಗೇ ಇತ್ತು.

ಎರಡು ಗಂಟೆ ದಾಟಿತು. ಎಲ್ಲರೂ ಗಡಿಯಾರ ನೋಡಿಕೊಂಡೆವು.

ಅಕ್ಕ ಕಾರಿನ ಬಾಗಿಲು ತೆರೆದು ಕಾಲು ಹೊರಗಿಟ್ಟು ಕೂತಿದ್ದಳು. "ಹೋಗ್ಲಿ ಬಿಡೋ" ಎಂದಳು. "ನಿನ್ನ ಮುಖ ನೋಡಕ್ಕಾಗ್ತಿಲ್ಲ. ಹೊಳೆ ನಮ್ಮೂರಲ್ಲೇ ಇದೆಯಲ್ಲ, ನೀರು ನೋಡಬೇಕು ಅಂದ್ರೆ ಸೇತುವೆ ಮೇಲೆ ನಿಂತ್ರಾಯ್ತು."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಹೆಂಡತಿ, "ಇನ್ನೊಂದು ಗಾಡಿ ನೋಡೋಣ ಅತ್ತಿಗೆ" ಎಂದಳು.

ಬಂದದ್ದು ಕಾಯಿ ಗಾಡಿಯಲ್ಲ. ಒಂದು ಮೋಟಾರ್ ಬೈಕು. ಹಿಂದೆ ರೇಷ್ಮೆ ಸೀರೆ, ತಲೆತುಂಬ ಹೂವು, ಸೊಂಟದಲ್ಲಿ ಮಗುವಿನ ಹಾಗೆ ಗಂಟು. ಕಾಯಿ ಗಾಡಿಯ ಚಕ್ರ ದಾರಿಯಲ್ಲಿ ಕೂತುಬಿಟ್ಟಿತ್ತಂತೆ. ಎದುರು ಬಂದ ಬೈಕಿನವನನ್ನು ನಿಲ್ಲಿಸಿ, ದಬಾಯಿಸಿ, ತಿರುಗಿಸಿಕೊಂಡು ಬಂದಿದ್ದಳು.

"ಎಲೆ ಮುಂದಿಂದ ಎದ್ ಬಂದಿವ್ನಿ ಕಣಕ್ಕ. ಪಾಯಸ ಬಡ್ಸಿದ್ರು" ಎಂದಳು ಇಳಿಯುತ್ತ. "ನಮ್ಮತ್ತಿಗೆ ಇನ್ನೊಂದ್ ವರ್ಸ ಆಡ್ತಾಳೆ ಇದ್ನ."

ಅಕ್ಕ ಅವಳ ಎರಡೂ ಕೈ ಹಿಡಿದುಕೊಂಡಳು. ಏನೋ ಹೇಳಹೊರಟಳು.

"ಮಾತು ಬಂದ್ಮೇಕೆ. ಗಂಟು ಇಡಿ. ಇಂದಕ್ ತಿರುಗ್ ನೋಡ್ದಂಗೆ ಓಗು."

ಕಾರು ಹೊರಟ ಮೇಲೆ ಗಂಟು ಬಿಚ್ಚಿ ನೋಡಿದೆವು: ಮೂರು ಪಾಸ್‌ಪೋರ್ಟು, ಒಂದು ಹಿಡಿ ಅಕ್ಕಿ, ಅರಿಸಿನದ ಕೊಂಬು. ಸಾಮಾನು ತೆಗೆದುಕೊಳ್ಳುವ ಕಿಟಕಿ ಮುಚ್ಚುವ ಮುನ್ನ ನಿಂತ ಕಡೆಯ ಪ್ರಯಾಣಿಕರು ನಾವು. ಚೆನ್ನೈಗೆ ಹೋಗುವ ವಿಮಾನವೂ ತಡವಾಯಿತು. ತಾತನ ಊಟದ ಹೊತ್ತನ್ನು ಅದು ಪೂರ್ತಿ ನುಂಗಿತು. ಅಲ್ಲಿ ದೇಶದೊಳಗಿನ ಕಟ್ಟಡದಿಂದ ಹೊರದೇಶದ ಕಟ್ಟಡಕ್ಕೆ ಅಕ್ಕ ಮಂಡಿ ಮರೆತು ನಡೆದಳು. ಪೆಟ್ಟಿಗೆಗಳು ಒಂದೇ ಟಿಕೆಟಿನ ಪುಣ್ಯದಿಂದ ತಾವಾಗಿಯೇ ಮುಂದೆ ಹೋದವು. ಅಕ್ಕ ಕಟ್ಟಿ ತಂದಿದ್ದ ಪುಳಿಯೋಗರೆ ಡಬ್ಬಿ ಬಿಚ್ಚಲೇ ಇಲ್ಲ.

ಮರುದಿನ ಹಡಗು ಹೊರಟಾಗ ಅಕ್ಕ ಅಂಚಿನ ಕಟಕಟೆ ಹಿಡಿದು ನಿಂತಿದ್ದಳು. ಬಹಳ ಹೊತ್ತಾದ ಮೇಲೆ, "ಯಾವಾಗ ಹೊರಡತ್ತೋ?" ಎಂದಳು. ದಡ ಆಗಲೇ ಗೆರೆಯಾಗಿತ್ತು. "ಇದು ಅಲ್ಲಾಡೋದೇ ಇಲ್ವಲ್ಲ. ಛತ್ರದಲ್ಲಿ ಕೂತ ಹಾಗಿದೆ" ಎಂದಳು. ಇದಕ್ಕಾಗಿ ಅಷ್ಟು ಪಾಡೇ ಎಂದುಕೊಂಡೆ.

ಅದರ ಮಾರನೆಯ ದಿನ ಒಂದು ದ್ವೀಪದ ಹತ್ತಿರ ಹಡಗು ಸಮುದ್ರದಲ್ಲೇ ಲಂಗರು ಹಾಕಿತು. ಅಲ್ಲಿ ಬಂದರು ಆಳವಿಲ್ಲ, ದಡಕ್ಕೆ ಚಿಕ್ಕ ದೋಣಿಯಲ್ಲಿ ಹೋಗಬೇಕು. ಅಕ್ಕನನ್ನು ಇಬ್ಬರು ರೆಟ್ಟೆ ಹಿಡಿದು ಇಳಿಸಿದರು. ಅಲೆ ಬಂದು ದೋಣಿ ಎದ್ದಿತು, ಕುಕ್ಕರಿಸಿತು, ಪಕ್ಕಕ್ಕೆ ವಾಲಿ ಎಲ್ಲರ ಮುಖಕ್ಕೂ ಉಪ್ಪುನೀರು ಎರಚಿತು. ನಾನು ಹಲಗೆ ಹಿಡಿದುಕೊಂಡೆ. ಪಕ್ಕದಲ್ಲಿ ಅಕ್ಕ ನಗತೊಡಗಿದಳು. ಸೆರಗು ಒದ್ದೆ, ಕುಂಕುಮ ಇಳಿದು ಮೂಗಿನ ಮೇಲೆ ಬಂದಿದೆ, ನಗು ನಿಲ್ಲುತ್ತಿಲ್ಲ. ಎದುರು ಕೂತ ಪರದೇಶದವರೂ ಏನೆಂದು ತಿಳಿಯದೆ ನಗತೊಡಗಿದರು.

ದಡ ಹತ್ತಿರ ಬಂದಾಗ ಅವಳು ಬಾಯಿಗೆ ಸೆರಗು ಒತ್ತಿ ನನ್ನ ಹೆಂಡತಿಯ ಕಡೆ ಬಾಗಿದಳು.

"ಇಳಿದ ಮೇಲೆ ಯಾರೂ ಬೈಯಲ್ಲ ತಾನೇ?" ಎಂದು ಕೇಳಿದಳು.